2006ರ ಆಕ್ಟೇವಿಯಾ ಆರ್‌ಎಸ್: ದಿನಾ ಓಡಿಸಲು ಇನ್ನು ಸಾಧ್ಯವೇ?

ಕೆಂಗೇರಿ_ಆರ್‌ಎಸ್:

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನನ್ನ ಹತ್ತಿರ 2006ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಇದೆ. 1.8 ಟರ್ಬೊ ಪೆಟ್ರೋಲ್, 150 ಎಚ್‌ಪಿ, 5 ಗೇರಿನ ಮ್ಯಾನುಯಲ್, ಕೆಂಪು ಬಣ್ಣ. 2013ರಲ್ಲಿ ಮೈಸೂರಿನಲ್ಲಿ ಒಬ್ಬರಿಂದ ಕೊಂಡೆ. ಆಗ 71,000 ಕಿ.ಮೀ. ಓಡಿತ್ತು, ಈಗ 2,14,000. ಮನೆ ಕೆಂಗೇರಿ, ಕೆಲಸ ಎಲೆಕ್ಟ್ರಾನಿಕ್ ಸಿಟಿ. ನೈಸ್ ರಸ್ತೆಯಲ್ಲಿ ಹೋಗಿ ಬಂದರೆ ಸುಮಾರು 55 ಕಿ.ಮೀ. ನಮ್ಮ ಮನೆಯಲ್ಲಿ ಇರುವುದು ಇದೊಂದೇ ಕಾರು.

ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ 29 ವರ್ಷ ಬಸ್ ಓಡಿಸಿದವರು. ಗಾಡಿಗೆ ಹಾಕಿದ ಒಂದೊಂದು ರೂಪಾಯಿಯನ್ನೂ ಬರೆದಿಡು ಎಂದು ಮೊದಲ ದಿನವೇ ಹೇಳಿದ್ದರು. ಅದಕ್ಕೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಪೆಟ್ರೋಲ್, ಟೋಲ್, ಇನ್ಶೂರೆನ್ಸ್ ಬಿಟ್ಟು ಬರೀ ರಿಪೇರಿ ಖರ್ಚು ಹೀಗಿದೆ. 2021ರಲ್ಲಿ 31,400. 2022ರಲ್ಲಿ 38,900. 2023ರಲ್ಲಿ 64,200, ಆ ವರ್ಷ ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಎಂಜಿನ್ ಮೌಂಟ್ ಎಲ್ಲ ಬಂತು. 2024ರಲ್ಲಿ 97,500. ಕ್ಲಚ್ ಸೆಟ್, ಮುಂದಿನ ಬುಶ್‌ಗಳು (ಅಲುಗಾಟ ತಡೆಯುವ ರಬ್ಬರ್ ತುಂಡುಗಳು), ನಾಲ್ಕೂ ಶಾಕ್ ಅಬ್ಸಾರ್ಬರ್. ಈ ವರ್ಷ, ಅಂದರೆ 2025ರಲ್ಲಿ, ಇಲ್ಲಿಯವರೆಗೆ 1,18,000. ಎಸಿ ಕಂಪ್ರೆಸರ್, ನಾಲ್ಕು ಇಗ್ನಿಷನ್ ಕಾಯಿಲ್, ಸ್ಟಿಯರಿಂಗ್ ರ್‍ಯಾಕ್, ರೇಡಿಯೇಟರ್ ಫ್ಯಾನ್. ಐದು ವರ್ಷಕ್ಕೆ ಮೂರೂವರೆ ಲಕ್ಷ ಆಯಿತು. ಹೋದ ತಿಂಗಳು ಒಬ್ಬ ಡೀಲರ್ ಕಾರು ನೋಡಿ, 2.25 ಲಕ್ಷ ಕೊಡುತ್ತೇನೆ ಅಂದರು.

ಇದು ಕಂಪನಿಯ ತಪ್ಪು ಅಂತ ನಾನು ಹೇಳುತ್ತಿಲ್ಲ. 19 ವರ್ಷ ಆದ ರಬ್ಬರ್ ಇನ್ನೇನು ಮಾಡೀತು. ಆದರೆ ಖರ್ಚು ಪ್ರತಿ ವರ್ಷ ಹೆಚ್ಚುತ್ತಲೇ ಇದೆ, ನನಗೆ ನಿಜವಾಗಿ ಭಯ ಆಗುತ್ತಿದೆ.

ಈಗಿನ ಸಮಸ್ಯೆ ಹೇಳುತ್ತೇನೆ. ಮೂರು ವಾರದ ಹಿಂದೆ ಬೆಳಿಗ್ಗೆ ಪಾರ್ಕಿಂಗ್ ನೆಲದ ಮೇಲೆ ರೂಪಾಯಿ ಅಗಲದ ಗುಲಾಬಿ ಕಲೆ ಕಾಣಿಸಿತು. ಕೂಲಂಟ್, ಎಂಜಿನ್ ತಣ್ಣಗಿಡುವ ದ್ರವ. ಅರ್ಧ ಲೀಟರ್ ತುಂಬಿಸಿದೆ, ವಾರದಲ್ಲಿ ಮತ್ತೆ ಇಳಿಯಿತು. ಕಳೆದ ಗುರುವಾರ ನೈಸ್ ರಸ್ತೆ ಮುಗಿದು ಎಲೆಕ್ಟ್ರಾನಿಕ್ ಸಿಟಿ ಗೇಟಿನ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ ಟೆಂಪರೇಚರ್ ಮುಳ್ಳು 90 ಬಿಟ್ಟು ಮೇಲೆ ಹೋಯಿತು. ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಹಾಕಿ, ಬದಿಗೆ ಹಾಕಿ ಎಂಜಿನ್ ನಿಲ್ಲಿಸಿದೆ. ಅಲ್ಲಿಂದ ಟೋ ಮಾಡಿಸಿಕೊಂಡು ಒಂದು ಗ್ಯಾರೇಜಿಗೆ ಹೋದೆ. ಅವರು ಅರ್ಧ ಗಂಟೆ ನೋಡಿ, 'ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ಮಧ್ಯದ ಸೀಲ್) ಹೋಗಿದೆ, ಹೆಡ್ ಬಿಚ್ಚಿ ಲೇತ್‌ಗೆ ಕೊಡಬೇಕು, 85,000 ಆಗುತ್ತದೆ, ಬಿಚ್ಚಿದ ಮೇಲೆ ಇನ್ನೂ ಜಾಸ್ತಿ ಆಗಬಹುದು' ಅಂದರು. ಏನು ಟೆಸ್ಟ್ ಮಾಡಿದಿರಿ ಅಂತ ಕೇಳಿದೆ. ಅನುಭವದಿಂದ ಗೊತ್ತಾಗುತ್ತದೆ ಅಂದರು. ನಾನು ಒಪ್ಪಿಲ್ಲ, ಕಾರು ವಾಪಸ್ ಮನೆಗೆ ತಂದು ನಿಲ್ಲಿಸಿದ್ದೇನೆ.

ಹೆಡ್ ಗ್ಯಾಸ್ಕೆಟ್ ಮಾತನ್ನು ನಂಬಬಹುದಾ? ಇಂಥ ಕಾರನ್ನು ದಿನಾ ಓಡಿಸುವವರು ಈ ಖರ್ಚನ್ನು ಹೇಗೆ ಹಿಡಿತದಲ್ಲಿ ಇಡುತ್ತೀರಿ? ಮುಂದಿನ ವರ್ಷ ಡಿಸೆಂಬರಿನಲ್ಲಿ ಆರ್‌ಸಿ (ನೋಂದಣಿ ಪತ್ರ) ನವೀಕರಣವೂ ಇದೆ. 2021ರಲ್ಲಿ 600 ರೂಪಾಯಿ ಶುಲ್ಕ ಕಟ್ಟಿದ್ದೆ. 2022ರ ಏಪ್ರಿಲ್‌ನಿಂದ ಅದು 5,000 ಆಯಿತು. 2025ರ ಆಗಸ್ಟಿನಿಂದ 20 ವರ್ಷ ದಾಟಿದ ಕಾರಿಗೆ 10,000. ಆ ದುಡ್ಡು ಕೊಟ್ಟು ಇಟ್ಟುಕೊಳ್ಳಲಾ, ಈಗಲೇ ಮಾರಲಾ? ಮನೆಯಲ್ಲಿ ಹೆಂಡತಿ ಮಾರು ಅನ್ನುತ್ತಿಲ್ಲ. 'ಬೆಳಿಗ್ಗೆ ಹೊರಟವನು ಸಂಜೆ ಇದೇ ಕಾರಿನಲ್ಲಿ ಬರುತ್ತೀಯಾ ಇಲ್ಲವಾ, ಅದು ಗೊತ್ತಾದರೆ ಸಾಕು' ಅನ್ನುತ್ತಾಳೆ. ಅವಳ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ.

---

ಲೆಕ್ಕ_ಪಕ್ಕಾ:

ಒಂದು ಮಾತು ಮಾತ್ರ ಹೇಳುತ್ತೇನೆ. ರಿಪೇರಿ ಖರ್ಚನ್ನು ಕಾರಿನ ಮಾರುಕಟ್ಟೆ ಬೆಲೆಯ ಜೊತೆ ಹೋಲಿಸಬೇಡಿ. ಎಲ್ಲರೂ ಮಾಡುವ ತಪ್ಪು ಅದು. ಇದನ್ನು ಮಾರಿದರೆ ಅದರ ಜಾಗಕ್ಕೆ ಏನು ಬರುತ್ತದೆ, ಅದರ ಖರ್ಚಿನ ಜೊತೆ ಹೋಲಿಸಿ.

10 ಲಕ್ಷ ಸಾಲ, 9% ಬಡ್ಡಿ, ಐದು ವರ್ಷ ಅಂದರೆ ತಿಂಗಳಿಗೆ ಸುಮಾರು 20,760 ಇಎಂಐ. ವರ್ಷಕ್ಕೆ ಎರಡೂವರೆ ಲಕ್ಷದ ಹತ್ತಿರ. ನಿಮ್ಮ ಅತಿ ಕೆಟ್ಟ ವರ್ಷದಲ್ಲೂ ಅದರ ಅರ್ಧ ಆಗಿಲ್ಲ. ಇನ್ನು ಥರ್ಡ್ ಪಾರ್ಟಿ ಇನ್ಶೂರೆನ್ಸ್. 1500 ಸಿಸಿ ದಾಟಿದ್ದರಿಂದ ನಿಮಗೆ 7,897 ಮತ್ತು ತೆರಿಗೆ. ಥರ್ಡ್ ಪಾರ್ಟಿ ಹೊಸ ಕಾರಿಗೂ ಕಟ್ಟಬೇಕು, ಜೊತೆಗೆ ಓನ್ ಡ್ಯಾಮೇಜ್ (ನಮ್ಮ ಕಾರಿಗೇ ಆಗುವ ಹಾನಿಯ ಇನ್ಶೂರೆನ್ಸ್) ಬೇರೆ.

ಆದರೆ ಇಎಂಐ ಯಾವತ್ತು ಎಷ್ಟು ಅಂತ ಗೊತ್ತಿರುತ್ತದೆ. ನಿಮ್ಮ ಬಿಲ್ಲು ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ರಸ್ತೆ ಮಧ್ಯೆ ಬರುತ್ತದೆ. ಹೆದರಿಸುತ್ತಿರುವುದು ಅದೇ. ಈ ವರ್ಷ ರಿಪೇರಿಗೆ ಹೋದ ಆ ಸುಮಾರು 1.2 ಲಕ್ಷವನ್ನು ತಿಂಗಳಿಗೆ ಹತ್ತು ಸಾವಿರದಂತೆ ಬೇರೆ ಖಾತೆಗೆ ಹಾಕುತ್ತಾ ಬಂದರೆ ಅರ್ಧ ಭಯ ಹೋಗುತ್ತದೆ. ಉಳಿದ ಅರ್ಧಕ್ಕೆ ಗಾಡಿ ಗೊತ್ತಿರುವವರು ಉತ್ತರ ಕೊಡಲಿ.

---

ಪೀಣ್ಯ_ಸ್ಪ್ಯಾನರ್:

ಮೊದಲು ಆ ಹೆಡ್ ಬಿಚ್ಚಲು ಯಾರಿಗೂ ಬಿಡಬೇಡಿ. ಟೆಸ್ಟ್ ಮಾಡದೆ ಹೆಡ್ ಗ್ಯಾಸ್ಕೆಟ್ ಅನ್ನುವವರ ಹತ್ತಿರ ಕಾರು ಬಿಡುವ ಹಾಗೇ ಇಲ್ಲ. 1.8 ಟರ್ಬೊ ಎಂಜಿನ್‌ನಲ್ಲಿ ನಾನು 15 ವರ್ಷ ಕೈ ಆಡಿಸಿದ್ದೇನೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಹೆಡ್ ಗ್ಯಾಸ್ಕೆಟ್ ಹೋದರೆ ಸುಮ್ನೆ ಇರುವುದಿಲ್ಲ, ಗುರುತು ಬಿಡುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಕೂಲಂಟ್ ಟ್ಯಾಂಕಿನ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಬುಳುಬುಳು ಗುಳ್ಳೆ ನಿಲ್ಲದೆ ಬರುತ್ತಾ ನೋಡಿ. ಮೇಲಿನ ಹೋಸ್ ಹಿಚುಕಿ ನೋಡಿ, ಒಂದು ನಿಮಿಷದಲ್ಲೇ ಕಲ್ಲಿನ ಹಾಗೆ ಗಟ್ಟಿ ಆದರೆ ಅನುಮಾನ ಪಡಬೇಕು. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆ ಬಣ್ಣದ ನೊರೆ, ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ. ಇದು ಯಾವುದೂ ಇಲ್ಲದಿದ್ದರೆ ಬ್ಲಾಕ್ ಟೆಸ್ಟ್ ಮಾಡಿಸಿ. ಟ್ಯಾಂಕಿನ ಬಾಯಿಗೆ ನೀಲಿ ದ್ರವದ ಟ್ಯೂಬ್ ಇಡುತ್ತಾರೆ. ಸಿಲಿಂಡರಿನ ಗ್ಯಾಸ್ ಕೂಲಂಟಿಗೆ ಸೇರುತ್ತಿದ್ದರೆ ನೀಲಿ ಹಳದಿ ಆಗುತ್ತದೆ. ಹತ್ತು ನಿಮಿಷದ ಕೆಲಸ.

ನಿಮ್ಮದು ಹೊರಗೆ ಸೋರುತ್ತಿದೆ, ನೆಲದ ಮೇಲೆ ಕಲೆ ಇದೆ. ನನ್ನ ಅನುಮಾನ ಕೂಲಂಟ್ ಫ್ಲ್ಯಾಂಜ್ ಮೇಲೆ. ಹೆಡ್ಡಿನ ಎಡ ತುದಿಯಲ್ಲಿ, ಗೇರ್‌ಬಾಕ್ಸ್ ಇರುವ ಕಡೆ, ಕಪ್ಪು ಪ್ಲಾಸ್ಟಿಕ್ಕಿನ ಒಂದು ತುಂಡು. ಹೋಸ್‌ಗಳು ಅಲ್ಲೇ ಸೇರುತ್ತವೆ, ಟೆಂಪರೇಚರ್ ಸೆನ್ಸರ್ ಕೂಡ ಅದಕ್ಕೇ ಚುಚ್ಚಿರುತ್ತದೆ. ವರ್ಷಗಟ್ಟಲೆ ಬಿಸಿ ತಿಂದು ಅದು ಬಿಸ್ಕತ್ತಿನ ಹಾಗೆ ಆಗುತ್ತದೆ. ಕೂದಲೆಳೆ ಬಿರುಕು ಬಿಟ್ಟರೆ ಗೇರ್‌ಬಾಕ್ಸ್ ಮೇಲೆ ಸೋರಿ, ಅಲ್ಲೇ ಒಣಗಿ, ನೆಲಕ್ಕೆ ಬರುವುದು ಒಂದೆರಡು ಹನಿ ಅಷ್ಟೇ. ಬ್ಯಾಟರಿ ತೆಗೆದು ಟಾರ್ಚ್ ಹಾಕಿ ನೋಡಿ. ಗುಲಾಬಿ ಬಣ್ಣದ ಒಣ ಪುಡಿ ಕಂಡರೆ ಅದೇ. ಕಾಣಿಸದಿದ್ದರೆ ಪ್ರೆಶರ್ ಟೆಸ್ಟರ್ ಹಾಕಿಸಿ, ಒಂದೂವರೆ ಬಾರ್ ದಾಟಿಸಬೇಡಿ.

ಇನ್ನೊಂದು ವಿಷಯ. ಈ ಕಾರಿನ ಮುಳ್ಳು ಸುಲಭಕ್ಕೆ 90 ಬಿಟ್ಟು ಕದಲುವುದಿಲ್ಲ. ಕದಲಿತು ಅಂದರೆ ನಿಜವಾಗಿಯೂ ಬಿಸಿ ಆಗಿದೆ ಅಂತ. ಬ್ಲಾಕ್ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಇನ್ನು ಎರಡು ಕಿ.ಮೀ. ಎಳೆದಿದ್ದರೆ ಹೆಡ್ ಬಾಗಿ, ಇಲ್ಲದ ಹೆಡ್ ಗ್ಯಾಸ್ಕೆಟ್ ಖರ್ಚು ನಿಜ ಆಗುತ್ತಿತ್ತು. ನೀವು ಬದಿಗೆ ನಿಲ್ಲಿಸಿದ್ದೇ ಎಂಜಿನ್ ಉಳಿಸಿದೆ.

ಈಗ ಖರ್ಚು ಯಾಕೆ ಏರುತ್ತಿದೆ ಅನ್ನುವುದಕ್ಕೆ ಬರುತ್ತೇನೆ. ನಿಮ್ಮ ಪಟ್ಟಿ ನೋಡಿ. ಪಿಸ್ಟನ್, ಕ್ರ್ಯಾಂಕ್, ಗೇರ್‌ಬಾಕ್ಸ್, ಟರ್ಬೊ, ಯಾವುದೂ ಅದರಲ್ಲಿ ಇಲ್ಲ. ಕ್ಲಚ್ ಬಿಟ್ಟರೆ ಹೋಗಿದ್ದು ಹೆಚ್ಚಾಗಿ ರಬ್ಬರ್, ಪ್ಲಾಸ್ಟಿಕ್, ಸೀಲ್, ಕರೆಂಟಿನ ಸಾಮಾನು. ಕಬ್ಬಿಣ ಕಿ.ಮೀ. ಲೆಕ್ಕದಲ್ಲಿ ಸವೆಯುತ್ತದೆ. ರಬ್ಬರು, ಪ್ಲಾಸ್ಟಿಕ್ಕು ಬಿಸಿ ಆಗಿ ಆರುವ ಲೆಕ್ಕದಲ್ಲಿ ಸಾಯುತ್ತವೆ. ದಿನಾ ಎರಡು ಸಲ ಕುದಿದು ಎರಡು ಸಲ ಆರುವ ಕಾರು ನಿಮ್ಮದು. ಅದರಲ್ಲೂ ನೈಸ್ ರಸ್ತೆಯಲ್ಲಿ ಗಾಳಿಗೆ ಓಡಿ ಬಂದು ಇದ್ದಕ್ಕಿದ್ದಂತೆ ಟ್ರಾಫಿಕ್ಕಿನಲ್ಲಿ ನಿಂತರೆ ಟರ್ಬೊ ಬಿಸಿ ಎಲ್ಲ ಬಾನೆಟ್ ಕೆಳಗೇ ನಿಲ್ಲುತ್ತದೆ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಮರುದಿನ ಬೆಳಿಗ್ಗೆ ಆಫೀಸಿಗೆ ಹೋಗಲೇಬೇಕು ಅನ್ನುವ ಕಾರನ್ನು ಯಾರೂ ಸಾವಕಾಶವಾಗಿ ರಿಪೇರಿ ಮಾಡಿಸುವುದಿಲ್ಲ. ಇವತ್ತೇ ಬೇಕು ಅಂದರೆ ಸಿಕ್ಕಿದ ಪಾರ್ಟ್‌ಗೆ ಕೇಳಿದ ಬೆಲೆ. ನಿಮ್ಮ ಸ್ಟಿಯರಿಂಗ್ ರ್‍ಯಾಕ್ ಪೂರ್ತಿ ಬದಲಿಸಿದರಾ, ಸೀಲ್ ಕಿಟ್ ಹಾಕಿಸಿದರಾ? ಪೂರ್ತಿ ಬದಲಿಸಿದ್ದರೆ, ನಾಲ್ಕು ದಿನ ಕಾಯುವ ತಾಳ್ಮೆ ಇದ್ದಿದ್ದರೆ ದುಡ್ಡು ಬಹಳ ಉಳಿಯುತ್ತಿತ್ತು.

ಪಾರ್ಟ್ ತರಲು ಜೆ.ಸಿ. ರಸ್ತೆಯ ಅಂಗಡಿಗಳಿಗೆ ಹೋದರೆ 'ಆಕ್ಟೇವಿಯಾ ಆರ್‌ಎಸ್‌ಗೆ ಕೊಡಿ' ಅನ್ನಬೇಡಿ. ಆರ್‌ಎಸ್ ಹೆಸರು ಕೇಳಿದ ಕೂಡಲೇ ಬೆಲೆ ಏರುತ್ತದೆ. ಹಳೆ ಪಾರ್ಟ್ ಕೈಯಲ್ಲಿ ಹಿಡಿದು, ಅದರ ಮೇಲಿನ ನಂಬರ್ ಹೇಳಿ. ನಿಮ್ಮ ಎಂಜಿನ್ನಿನ ಬಹಳಷ್ಟು ಸಾಮಾನಿನ ನಂಬರ್ 06ಎ ಅಂತ ಶುರುವಾಗುತ್ತದೆ. ಇದೇ ಎಂಜಿನ್ ಕುಟುಂಬ ನಾಲ್ಕನೇ ತಲೆಮಾರಿನ ಗಾಲ್ಫ್‌ನಲ್ಲಿ, ಮೊದಲ ಆಡಿ ಟಿಟಿಯಲ್ಲಿ ಇತ್ತು. ಜಗತ್ತಿನಲ್ಲಿ ಪಾರ್ಟ್‌ಗೆ ಬರ ಇಲ್ಲ.

ಎರಡು ಕಡೆ ಮಾತ್ರ ಉಳಿತಾಯ ಮಾಡಬೇಡಿ. ಒಂದು ಟೈಮಿಂಗ್ ಬೆಲ್ಟ್. ಸಿಲಿಂಡರಿಗೆ ಐದರಂತೆ 20 ವಾಲ್ವ್, ಬೆಲ್ಟ್ ಹರಿದರೆ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯುತ್ತದೆ. ವಾಟರ್ ಪಂಪ್ ತಿರುಗುವುದೂ ಅದೇ ಬೆಲ್ಟಿನಿಂದ, ಅದಕ್ಕೇ ಎರಡನ್ನೂ ಒಟ್ಟಿಗೆ ಬದಲಿಸಬೇಕು. 2023ರಲ್ಲಿ ಮಾಡಿಸಿದ್ದೀರಿ, ಒಳ್ಳೆಯದು. ಇನ್ನೊಂದು ಪೆಟ್ರೋಲ್ ಹೋಸ್. ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆಸಿದ್ದು. ನಿಮ್ಮ ಕಾರು ತಯಾರಾದಾಗ ಇಲ್ಲಿ ಆ ಲೆಕ್ಕ ಇರಲಿಲ್ಲ. ಬಾನೆಟ್ ಕೆಳಗಿನ ಹೋಸ್ ಬೆರಳಲ್ಲಿ ಬಗ್ಗಿಸಿ ನೋಡಿ, ಬಿರುಕು ಕಂಡರೆ ಅವತ್ತೇ ಬದಲಿಸಿ. ಎಥನಾಲ್ ತಡೆಯುವ ಆರ್9 ದರ್ಜೆಯದ್ದೇ ಹಾಕಿಸಿ. ಸೋರುವ ಪೆಟ್ರೋಲ್, ಪಕ್ಕದಲ್ಲಿ ಕೆಂಪಗೆ ಕಾದ ಟರ್ಬೊ, ಇದರಲ್ಲಿ ಆಟ ಬೇಡ.

---

ಧಾರವಾಡ_ವಿಟೆಕ್:

ನನ್ನದು 2001ರ ಹೋಂಡಾ ಸಿಟಿ ವಿಟೆಕ್, 1.5 ಎಂಜಿನ್. ನಿಮ್ಮ ಟರ್ಬೊ ಮುಂದೆ ಸಣ್ಣದು. ಆದರೂ ಆ ಎಂಜಿನ್ ಮೇಲಕ್ಕೆ ತಿರುಗುವಾಗ ದನಿ ಬದಲಾಗುತ್ತದಲ್ಲ, ಅದಕ್ಕಾಗಿ 16 ವರ್ಷದಿಂದ ಇಟ್ಟುಕೊಂಡಿದ್ದೇನೆ.

ನಾನೂ ದಿನಾ ಓಡಿಸುತ್ತಿದ್ದೆ, ಹುಬ್ಬಳ್ಳಿಗೆ ಹೋಗಿ ಬರಲು. ಒಂದು ವರ್ಷ ಸತತ ಮೂರು ತಿಂಗಳು ಗ್ಯಾರೇಜ್ ಕಂಡಿತು. ಪ್ರತಿ ಸಲವೂ ಅವಸರ, ಪ್ರತಿ ಸಲವೂ ಅಗ್ಗದ ಪಾರ್ಟ್. ಅಗ್ಗದ ಎಂಜಿನ್ ಮೌಂಟ್ ಹಾಕಿಸಿದೆ, ಏಳು ತಿಂಗಳಿಗೆ ಕುಸಿಯಿತು, ಅದರ ಅಲುಗಾಟಕ್ಕೆ ಸೈಲೆನ್ಸರ್ ಜಾಯಿಂಟ್ ಬಿರಿಯಿತು. ಆಮೇಲೆ ದಿನದ ಓಡಾಟಕ್ಕೆ ಒಂದು ಹಳೆಯ ಸ್ಕೂಟರ್ ತಂದೆ. ಸಿಟಿ ವಾರಕ್ಕೆ ಎರಡು ದಿನ ಹೊರಗೆ ಬರುತ್ತದೆ. ಈಗ ಏನಾದರೂ ಹೋದರೆ ಹತ್ತು ದಿನ ನಿಂತರೂ ನಿಲ್ಲಲಿ ಅಂತ ಸರಿಯಾದ ಪಾರ್ಟ್ ಬರುವ ತನಕ ಕಾಯುತ್ತೇನೆ.

ಒಂದು ಎಚ್ಚರಿಕೆ. ಪೂರ್ತಿ ನಿಲ್ಲಿಸಿಬಿಡಬೇಡಿ. ಓಡದ ಕಾರಿಗೆ ಬ್ಯಾಟರಿ ಹೋಗುತ್ತದೆ, ಬ್ರೇಕ್ ತುಕ್ಕು ಹಿಡಿಯುತ್ತದೆ, ಇಲಿ ವೈರ್ ಕಡಿಯುತ್ತದೆ. ನನ್ನ ಕಾರಿನ ವೈರನ್ನು ಇಲಿ ಕಡಿದು 9,000 ಖರ್ಚಾಯಿತು.

---

ಹಳದಿ_ಮಾರ್ಗ:

ಕೆಂಗೇರಿ, ಎಲೆಕ್ಟ್ರಾನಿಕ್ ಸಿಟಿ ಎರಡೂ ಕಡೆ ಈಗ ಮೆಟ್ರೊ ಇದೆಯಲ್ಲ? ಕೆಂಗೇರಿಯಿಂದ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿಂದ ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆ, ಅಲ್ಲಿಂದ ಹಳದಿ. 2025ರ ಆಗಸ್ಟಿನಲ್ಲಿ ಹಳದಿ ಶುರುವಾದಾಗಿನಿಂದ ನಾನು ರಾಜರಾಜೇಶ್ವರಿ ನಗರದಿಂದ ಹೀಗೇ ಹೋಗುತ್ತಿದ್ದೇನೆ. ಶುರುವಿನಲ್ಲಿ 25 ನಿಮಿಷಕ್ಕೊಂದು ರೈಲು ಇತ್ತು, ಕಷ್ಟ ಆಗುತ್ತಿತ್ತು. ಎರಡು ಕಡೆ ಬದಲಿಸಬೇಕು, ನಿಮಗೆ ಒಂದೂವರೆ ಗಂಟೆ ಹಿಡಿಯಬಹುದು. ಆದರೆ ಆ ಗೇಟಿನ ಟ್ರಾಫಿಕ್ಕಿನಲ್ಲಿ ಟರ್ಬೊ ಕಾಯಿಸುವುದು ತಪ್ಪುತ್ತದೆ.

---

ಸ್ಟುಟ್‌ಗಾರ್ಟ್_ಶಿವಮೊಗ್ಗ:

ನಾನು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಇದ್ದೇನೆ. ಊರು ಶಿವಮೊಗ್ಗ. ನನ್ನ ಹತ್ತಿರ 2001ರ ಗಾಲ್ಫ್ ಜಿಟಿಐ ಇದೆ, ನಿಮ್ಮ ಹಾಗೇ 1.8 ಟರ್ಬೊ, 150 ಎಚ್‌ಪಿ. ನಿಮ್ಮ ನೋಟ್‌ಬುಕ್ಕಿನ ಪಟ್ಟಿ ಓದಿ ನನ್ನದೇ ಬಿಲ್ಲು ಓದಿದ ಹಾಗಾಯಿತು.

ಇಲ್ಲಿ ಎರಡು ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ. ಪರೀಕ್ಷಕರು ಕಾರನ್ನು ಮೇಲೆತ್ತಿ, ಕಬ್ಬಿಣದ ಸಲಾಕೆಯಲ್ಲಿ ಒಂದೊಂದು ಬುಶ್ ಮೀಟಿ ನೋಡುತ್ತಾರೆ. ದೊಡ್ಡ ದೋಷ ಬರೆದರೆ ಒಂದು ತಿಂಗಳೊಳಗೆ ಸರಿ ಮಾಡಿ ಮತ್ತೆ ತೋರಿಸಬೇಕು. ಮೊದಲ ಸಲ ಸಿಟ್ಟು ಬಂದಿತ್ತು. ಈಗ ಆ ಪಟ್ಟಿಯೇ ನನಗೆ ದಾರಿ. ರಸ್ತೆಯಲ್ಲಿ ಕೈ ಕೊಡುವ ಮೊದಲೇ ಏನು ಹೋಗುತ್ತಿದೆ ಅಂತ ಗೊತ್ತಾಗುತ್ತದೆ. ನೀವೂ ವರ್ಷಕ್ಕೊಮ್ಮೆ, ಏನೂ ಕೆಡದಿರುವಾಗಲೇ, ಲಿಫ್ಟ್ ಮೇಲೆ ಹಾಕಿಸಿ ಹೀಗೆ ನೋಡಿಸಿ. ಚಳಿಗಾಲದಲ್ಲಿ ಇಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ, ನನ್ನ ಕಾರಿನ ಅಡಿ ತುಕ್ಕು ತಿನ್ನುತ್ತಿದೆ. ಬೆಂಗಳೂರಿನ ಕಾರಿನ ಅಡಿ ನೋಡಿದರೆ ಇಲ್ಲಿಯವರಿಗೆ ಹೊಟ್ಟೆ ಉರಿಯುತ್ತದೆ. ಬಾಡಿ ಚೆನ್ನಾಗಿದ್ದರೆ ಮಾರಬೇಡಿ.

ಡಿಸೆಂಬರಿನಲ್ಲಿ ಊರಿಗೆ ಬರುತ್ತಿದ್ದೇನೆ. ಫ್ಲ್ಯಾಂಜ್, ಬ್ರೀದರ್ ಹೋಸ್, ಡೈವರ್ಟರ್ ವಾಲ್ವ್, ಇಂಥ ಸಣ್ಣ ಸಾಮಾನು ಬೇಕಿದ್ದರೆ ಹೇಳಿ. ಬ್ಯಾಗಿನಲ್ಲಿ ಜಾಗ ಇದೆ.

---

ಕೆಂಗೇರಿ_ಆರ್‌ಎಸ್:

ಹತ್ತು ದಿನ ಆಯಿತು, ಏನಾಯಿತು ಅಂತ ಹೇಳಲೇಬೇಕು.

ಪೀಣ್ಯ ಅವರ ಮಾತು ಓದಿದ ಭಾನುವಾರವೇ ಬ್ಯಾಟರಿ ಬಿಚ್ಚಿದೆ. ಅಪ್ಪ ಟಾರ್ಚ್ ಹಿಡಿದಿದ್ದರು. ಅವರಿಗೆ ಈಗ 74. ಬಗ್ಗುವುದು ಕಷ್ಟ, ಆದರೂ ಮಗ್ಗಲು ಹಾಕಿ ಕೈ ಒಳಗೆ ಇಳಿಸಿದರು. ಬೆರಳು ಹೊರಗೆ ತೆಗೆದಾಗ ತುದಿಯಲ್ಲಿ ಗುಲಾಬಿ ಪುಡಿ ಅಂಟಿತ್ತು, ರಂಗೋಲಿ ಪುಡಿಯ ಹಾಗೆ ನಯವಾಗಿ. 'ಇಲ್ಲೇ ಇದೆ ನೋಡೋ' ಅಂದರು. ಗೇರ್‌ಬಾಕ್ಸಿನ ಮೇಲೆ ಅದೇ ಬಣ್ಣದ ಒಣ ಗೆರೆಗಳು ಸಾಲಾಗಿ ಇಳಿದಿದ್ದವು. ಬುಳುಬುಳು ಗುಳ್ಳೆ ಇಲ್ಲ. ಆಯಿಲ್ ಮುಚ್ಚಳ ಶುದ್ಧ.

ಸೋಮವಾರ ಬೇರೊಂದು ಸಣ್ಣ ಗ್ಯಾರೇಜಿನಲ್ಲಿ ಬ್ಲಾಕ್ ಟೆಸ್ಟ್ ಮಾಡಿಸಿದೆ. ಕಾಲು ಗಂಟೆ ನೋಡಿದೆವು, ನೀಲಿ ನೀಲಿಯಾಗಿಯೇ ಇತ್ತು. ಪ್ರೆಶರ್ ಹಾಕಿದ ಕೂಡಲೇ ಫ್ಲ್ಯಾಂಜಿನ ಕುತ್ತಿಗೆಯಿಂದ ಸಣ್ಣ ದಾರದ ಹಾಗೆ ಕೂಲಂಟ್ ಹಾರಿತು. ಬಿಚ್ಚುವಾಗ ಆ ಪ್ಲಾಸ್ಟಿಕ್ ಮೆಕ್ಯಾನಿಕ್ ಕೈಯಲ್ಲೇ ಎರಡು ತುಂಡಾಯಿತು. ಫ್ಲ್ಯಾಂಜ್, ಒ-ರಿಂಗ್, ಕ್ಲಿಪ್, ಹೊಸ ಸೆನ್ಸರ್, ಕೂಲಂಟ್ ಎಲ್ಲ ಸೇರಿ 3,850. ಕೂಲಿ 1,200. ಎಂಬತ್ತೈದು ಸಾವಿರ ಕೇಳಿದ ಕೆಲಸ 5,050ಕ್ಕೆ ಮುಗಿಯಿತು. ಪೀಣ್ಯ ಅವರೇ, ನಿಮಗೆ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯುತ್ತಿಲ್ಲ. ಸ್ಟಿಯರಿಂಗ್ ರ್‍ಯಾಕ್ ಪೂರ್ತಿ ಬದಲಿಸಿದ್ದೆ. ಅವತ್ತು ಮರುದಿನವೇ ಕಾರು ಬೇಕಿತ್ತು. ನೀವು ಹೇಳಿದ್ದು ಅಕ್ಷರಶಃ ನಿಜ.

ಆ ರಾತ್ರಿ ನೋಟ್‌ಬುಕ್ ಮತ್ತೆ ತೆರೆದು, ಐದು ವರ್ಷದಲ್ಲಿ ಅವಸರಕ್ಕೆ ಮಾಡಿಸಿದ ಕೆಲಸಗಳ ಮುಂದೆ ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಾ ಹೋದೆ. ರ್‍ಯಾಕ್, ಫ್ಯಾನ್, ಎರಡು ಸಲ ಹಾಕಿದ ಬುಶ್, ಒಂದು ಕಾಯಿಲ್ ಹೋಗಿದ್ದಕ್ಕೆ ಬದಲಿಸಿದ ನಾಲ್ಕು ಕಾಯಿಲ್. ಒಂದು ಲಕ್ಷಕ್ಕಿಂತ ಜಾಸ್ತಿ ಬಂತು. ಅಷ್ಟು ದುಡ್ಡು ಕಾರು ತಿಂದಿದ್ದಲ್ಲ, ನಾಳೆ ಬೆಳಿಗ್ಗೆಯೇ ಬೇಕು ಅನ್ನುವ ನನ್ನ ಅಗತ್ಯ ತಿಂದಿದ್ದು.

ಮಾರುತ್ತಿಲ್ಲ. ಈ ವಾರದಿಂದ ಸೋಮ, ಬುಧ, ಗುರು ಮೆಟ್ರೊ. ಮೊದಲ ದಿನ ಒಂದು ಗಂಟೆ ನಲವತ್ತು ನಿಮಿಷ ಆಯಿತು, ಆರ್.ವಿ. ರಸ್ತೆಯಲ್ಲಿ ಕಾಯುವುದೇ ಜಾಸ್ತಿ. ಮಂಗಳವಾರ ಮತ್ತು ಶುಕ್ರವಾರ ಕಾರು, ಬೆಳಿಗ್ಗೆ ಏಳಕ್ಕೇ ಹೊರಡುತ್ತೇನೆ. ಆ ಹೊತ್ತಿನಲ್ಲಿ ನೈಸ್ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಟರ್ಬೊ ಎಳೆಯುವಾಗ ಬೆನ್ನಿಗೆ ಸೀಟು ಒತ್ತುತ್ತದಲ್ಲ, ಅದು ಈಗಲೂ ಹಾಗೇ ಇದೆ. ತಿಂಗಳಿಗೆ 8,000 ಬೇರೆ ಖಾತೆಗೆ. ಹತ್ತು ಸಾವಿರ ಈಗ ಆಗುವುದಿಲ್ಲ. ಹೆಂಡತಿ ಕೇಳಿದ ಪ್ರಶ್ನೆಗೂ ಈಗ ಒಂದು ಉತ್ತರ ಇದೆ. ಕಾರು ನಿಂತರೂ ನಾನು ಮನೆಗೆ ಬರುತ್ತೇನೆ.

ಆರ್‌ಸಿ ನವೀಕರಣದ 10,000ವನ್ನು ಆ ಖಾತೆಯಿಂದಲೇ ಕಟ್ಟುತ್ತೇನೆ. ಅದಕ್ಕೆ ಮೊದಲು ಸ್ಟುಟ್‌ಗಾರ್ಟ್ ಅವರು ಹೇಳಿದ ಹಾಗೆ ಒಂದು ಸಲ ಲಿಫ್ಟ್ ಮೇಲೆ ಹಾಕಿಸಿ ಅಡಿ ಪೂರ್ತಿ ನೋಡಿಸುತ್ತೇನೆ.

ಫ್ಲ್ಯಾಂಜ್ ಹಾಕಿಸಿದ ರಾತ್ರಿ ಕಾರಿನ ಕೆಳಗೆ ಹಳೆಯ ನ್ಯೂಸ್‌ಪೇಪರ್ ಹಾಸಿದ್ದೆ. ಬೆಳಿಗ್ಗೆ ನನಗಿಂತ ಮೊದಲು ಅಪ್ಪ ಕೆಳಗೆ ಇಳಿದು ಅದನ್ನು ಎಳೆದು ನೋಡಿದ್ದರು. ಒಣಗಿತ್ತು.

ಸ್ಟುಟ್‌ಗಾರ್ಟ್ ಅವರೇ, ಬ್ರೀದರ್ ಹೋಸ್ ಒಂದು, ಡೈವರ್ಟರ್ ವಾಲ್ವ್ ಒಂದು ಬೇಕು. ಪೆಟ್ರೋಲ್ ಹೋಸಿನಲ್ಲೂ ಬಿರುಕು ಸಿಕ್ಕಿತು, ಅದಕ್ಕೆ ಡಿಸೆಂಬರ್ ತನಕ ಕಾಯುವುದಿಲ್ಲ, ನಾಳೆಯೇ ಜೆ.ಸಿ. ರಸ್ತೆಗೆ ಹೋಗುತ್ತಿದ್ದೇನೆ. ಹಳೆ ಪಾರ್ಟ್‌ಗಳ ನಂಬರ್ ಬರೆದು ಸಂಜೆ ಕಳಿಸುತ್ತೇನೆ.